ಜಾತಿಗೆ ಕಾಲಂ ಇದೆ, ನೀರಿಗೆ ಇಲ್ಲ

ನಾವು ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಲ್ಲಿ ಮನೆಮನೆ ತಿರುಗುವ ನರ್ಸುಗಳು. ಸರಕಾರ ನಮಗೆ ಕಾಲಕಾಲಕ್ಕೆ ಹೆಸರು ಬದಲಿಸುತ್ತ ಬಂದಿದೆ. ಮೊದಲು ಎ.ಎನ್.ಎಂ. ಅಂದರು. ಆಮೇಲೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂದರು. ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅನ್ನುತ್ತಾರೆ. ಊರ ಮಂದಿ ಮಾತ್ರ ಒಂದೇ ಹೆಸರು ಇಟ್ಟುಕೊಂಡಿದ್ದಾರೆ: ನರ್ಸಬಾಯಿ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರಕಾರದ ಲೆಕ್ಕ. ಆ ಐದು ಸಾವಿರ ಜನರ ಬಸಿರು, ಬಾಣಂತನ, ಲಸಿಕೆ, ಜ್ವರ, ಭೇದಿ ಎಲ್ಲವೂ ನಮ್ಮ ಬಗಲ ಚೀಲದ ರಜಿಸ್ಟರುಗಳಲ್ಲಿ ಇರುತ್ತವೆ. ನಮ್ಮಲ್ಲಿ ಬಹಳ ಮಂದಿ ಕೇರಿಯಿಂದಲೇ ಬಂದವರು. ಅವ್ವ ಮಂದಿ ಹೊಲದಾಗ ಕಳೆ ತೆಗೆದು ಕೂಡಿಸಿದ ಕೂಲಿ ರೊಕ್ಕದಾಗ ಕಲಿತವರು.

ಈಚೆಗೆ ನಮ್ಮ ತರಬೇತಿಗಳಲ್ಲಿ ಒಂದು ಹೊಸ ಪಾಠ ಸೇರಿದೆ. ಹವಾಮಾನ ಬದಲಾವಣೆ ಮತ್ತು ಮನುಷ್ಯರ ಆರೋಗ್ಯ ಎಂಬ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರಕಾರ 2019ರಲ್ಲಿ ಶುರು ಮಾಡಿತು. ಪಾಠ ಬೇಕಾದದ್ದೇ. ಕರಗುವ ಹಿಮದ ಚಿತ್ರ, ಏರುವ ಕಡಲಿನ ಚಿತ್ರ ನೋಡಿದೆವು. ಆದರೆ ನಮ್ಮ ಸೀಮೆಯಲ್ಲಿ ಕಡಲೂ ಇಲ್ಲ, ಹಿಮವೂ ಇಲ್ಲ. ನಮ್ಮಲ್ಲಿ ಈ ಬದಲಾವಣೆ ಬರುವ ದಾರಿಯೇ ಬೇರೆ. ಅದು ಬತ್ತಿದ ಕೊಳವೆಬಾವಿಯಾಗಿ ಬರುತ್ತದೆ. ಮಾರ್ಚಿನಲ್ಲೇ ಬಾಯಿ ತೆರೆಯುವ ಬಿಸಿಲಾಗಿ ಬರುತ್ತದೆ. ಆಗಸ್ಟಿನಲ್ಲಿ ಒಂದೇ ರಾತ್ರಿಗೆ ಮನೆಯೊಳಗೆ ನುಗ್ಗುವ ಮಲಪ್ರಭೆಯಾಗಿ ಬರುತ್ತದೆ. ಬಂದಾಗಲೆಲ್ಲ ಮೊದಲು ಕೇರಿಗೆ ಬರುತ್ತದೆ. ಯಾಕಂದ್ರ ಕೇರಿ ಊರಿನ ತಗ್ಗಿನಾಗ ಐತಿ, ನಳದ ಪೈಪಿನ ಕಡೀ ತುದಿಯಾಗ ಐತಿ, ಕೂಲಿ ಪಟ್ಟಿಯ ಮೊದಲ ಸಾಲಿನಾಗ ಐತಿ.

ಇದನ್ನು ಮೊದಲು ಕಾಣುವವರು ನಾವು. ತಜ್ಞರು ವರದಿ ಬರೆಯುವ ಮೊದಲೇ ನಮ್ಮ ಕಣ್ಣಿಗೆ ಬಿದ್ದಿರುತ್ತದೆ. ಆದರೆ ಕಂಡದ್ದನ್ನು ಎಲ್ಲಿ ಬರೆಯಬೇಕು?

ತಾಯಿ ಮತ್ತು ಮಕ್ಕಳ ರಜಿಸ್ಟರು ತೆರೆದರೆ ಹೆಸರು, ಗಂಡನ ಹೆಸರು, ವಯಸ್ಸು, ಆಧಾರ್, ಬ್ಯಾಂಕಿನ ಖಾತೆ, ಜಾತಿ ಎಲ್ಲಕ್ಕೂ ಜಾಗವಿದೆ. ಪರಿಶಿಷ್ಟ ಜಾತಿಯೋ, ಪಂಗಡವೋ, ಇತರೆಯೋ ಎಂದು ತಪ್ಪದೆ ತುಂಬಿಸಿಕೊಳ್ಳುತ್ತಾರೆ. ಆ ಬಸುರಿ ಕುಡಿಯುವ ನೀರು ಯಾವುದು, ಎಷ್ಟು ದೂರದಿಂದ ಹೊರುತ್ತಾಳೆ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಿಸಿಲಲ್ಲಿ ಎಷ್ಟು ತಾಸು ಬಗ್ಗಿ ದುಡಿಯುತ್ತಾಳೆ, ಇದಕ್ಕೆ ಕಾಲಂ ಇಲ್ಲ. ಜಾತಿ ಕೇಳುವವರು ಆ ಜಾತಿಗೆ ಯಾವ ನೀರು ಸಿಗುತ್ತದೆ ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಬರೆಯಬೇಕಾದೀತು. ಉತ್ತರ ಬರೆದರೆ ಕೆಲಸ ಮಾಡಬೇಕಾದೀತು.

ಮೊದಲು ಸೊಳ್ಳೆಯ ಮಾತು ಆಡೋಣ.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಅದಕ್ಕೂ ಮೊದಲಿನಿಂದಲೇ ನಾವು, ಆಶಾ ಅಕ್ಕಂದಿರು ಕೂಡಿ ಮನೆಮನೆಗೆ ಹೋಗಿ ಲಾರ್ವಾ ಹುಡುಕುತ್ತೇವೆ. ಬ್ಯಾರಲ್ಲು, ಹಂಡೆ, ಹರವಿ, ದನದ ದೋಣಿ, ಕೊರೆದಿಟ್ಟ ಟೈರು ಎಲ್ಲದರೊಳಗೆ ಬ್ಯಾಟರಿ ಬಿಟ್ಟು ನೋಡಬೇಕು. ಹುಳ ಕಂಡರೆ ನೀರು ಚೆಲ್ಲಿಸಬೇಕು. ವಾರಕ್ಕೊಮ್ಮೆ ನೀರೆಲ್ಲ ಬರಿದು ಮಾಡಿ ತಿಕ್ಕಿ ಒಣಗಿಸಿರಿ ಎಂದು ಹೇಳಬೇಕು. ಭಿತ್ತಿಪತ್ರದಲ್ಲಿ ಹಾಗೇ ಬರೆದಿದೆ. ಅದರಲ್ಲಿ ತಪ್ಪಿಲ್ಲ. ಡೆಂಗಿಯ ಸೊಳ್ಳೆ ಮನೆಯ ತಿಳಿನೀರಿನಲ್ಲೇ ಹುಟ್ಟುತ್ತದೆ. ತತ್ತಿಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಏಳೆಂಟು ದಿನ, ಹೆಚ್ಚೆಂದರೆ ಹತ್ತು ದಿನ ಸಾಕು.

ಈಗ ನಮ್ಮ ಊರಿನ ನಳದ ಲೆಕ್ಕ ನೋಡಿರಿ. ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರು ಉಂಟು. ಬ್ಯಾಸಗಿ ಬಂದರೆ ಹದಿನೈದು ದಿನಕ್ಕೊಮ್ಮೆ ಬಿಡುವ ಓಣಿ ಉಂಟು. ಸೊಳ್ಳೆಗೆ ರೆಕ್ಕೆ ಬರುವ ದಿನವೂ ನಳಕ್ಕೆ ನೀರು ಬರುವ ದಿನವೂ ಒಂದೇ. ಅಂದರೆ ಡೆಂಗಿ ಸೊಳ್ಳೆಯನ್ನು ಸಾಕುತ್ತಿರುವುದು ಯಾವ ಹೆಣ್ಣುಮಗಳ ಅಜಾಗರೂಕತೆಯೂ ಅಲ್ಲ, ನೀರು ಬಿಡುವವರ ವೇಳಾಪಟ್ಟಿ. ಆದರೆ ದಂಡನೆ ಯಾರಿಗೆ? ಬ್ಯಾರಲ್ಲಿನ ಮುಂದೆ ನಿಂತ ಹೆಣ್ಣಿಗೆ.

ಒಮ್ಮೆ ಕೇರಿಯೊಳಗೆ ನೀರು ಚೆಲ್ಲಿರಿ ಎಂದಾಗ ಒಬ್ಬ ಮುದುಕಿ ಬ್ಯಾರಲ್ಲಿಗೆ ಬೆನ್ನು ಹಚ್ಚಿ ನಿಂತಳು.

“ಚೆಲ್ಲತೀನಿ ತಂಗಿ, ಯಾಕ ಚೆಲ್ಲಬಾರದು. ನಾಳಿ ನಳಾ ಬರ್ತೈತಿ ಅಂತ ಒಂದು ಚೀಟಿ ಬರಕೊಡು. ಈಗಿಂದೀಗ ಚೆಲ್ಲತೀನಿ.”

ಆ ಚೀಟಿ ಬರೆದುಕೊಡುವ ಅಧಿಕಾರ ನಮಗೆ ಇಲ್ಲ. ಚೀಟಿ ಬರೆಯುವ ಅಧಿಕಾರ ಇದ್ದವರು ಬ್ಯಾರಲ್ಲಿನ ಮುಂದೆ ಬರುವುದಿಲ್ಲ. ಅವತ್ತು ನಾವು ಹಳೇ ಸೀರೆಯನ್ನು ಎರಡು ಪದರ ಮಾಡಿ ಬ್ಯಾರಲ್ಲಿನ ಬಾಯಿಗೆ ಬಿಗಿಯಾಗಿ ಕಟ್ಟಿಸಿದೆವು. ಸೊಳ್ಳೆ ಒಳಗೆ ಹೋಗದಿದ್ದರೆ ತತ್ತಿ ಇಡುವುದಿಲ್ಲ. ಬ್ಯಾರಲ್ಲು ಬರಿದಾದ ದಿನ ಒಳಗಿನ ಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕೆಂದು ಹೇಳಿದೆವು. ಅದರ ತತ್ತಿ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಬಿದ್ದ ಮೇಲೆ ಹುಳವಾಗುತ್ತದೆ. ಇದನ್ನು ತಿಳಿಸಿ ಹೇಳಿದರೆ ಕೇರಿಯ ಹೆಂಗಸರು ನಮಗಿಂತ ಚೊಲೋ ಮಾಡುತ್ತಾರೆ.

ಇನ್ನೊಂದು ಕತೆ ಊರೊಳಗಿನದು. ದೊಡ್ಡ ಮನೆಗಳಲ್ಲಿ ನಮ್ಮನ್ನು ಕಟ್ಟೆಯ ಮೇಲೆ ಕೂರಿಸುತ್ತಾರೆ. ಎರಡು ಮಾತಾದ ಮೇಲೆ ಕೇಳುತ್ತಾರೆ: “ಬಾಯಾರ, ನೀವು ಯಾರ ಪೈಕಿರೀ?” ಗೊತ್ತಾದ ಮೇಲೆ ಮಾತಿನ ದನಿ ಬದಲಾಗುವುದಿಲ್ಲ, ಲೋಟ ಬದಲಾಗುತ್ತದೆ. ಅವರ ಕೂಸಿನ ತೊಡೆಗೆ ಸೂಜಿ ಹಾಕಲು ನಮ್ಮ ಕೈ ನಡೆಯುತ್ತದೆ. ಬಾಣಂತಿಯ ಹೊಟ್ಟೆ ಮುಟ್ಟಲು ನಡೆಯುತ್ತದೆ. ಲಾರ್ವಾ ನೋಡಲು ಅಡಿಗೆಮನೆಯ ಹರವಿಯ ಮುಚ್ಚಳ ತೆಗೆಯಲು ಮಾತ್ರ ನಡೆಯುವುದಿಲ್ಲ. “ನೀವು ಅಲ್ಲೇ ನಿಂದರ್ರಿ ಬಾಯಾರ, ನಮ್ಮ ನೀರಾಗ ಹುಳಾ ಎಲ್ಲಿಂದ ಬರತಾವು” ಅನ್ನುತ್ತಾರೆ. ಹರವಿ ನೋಡದೆ ರಜಿಸ್ಟರಿನಲ್ಲಿ ಏನು ಬರೆಯಬೇಕು? ‘ನೋಡಲು ಬಿಡಲಿಲ್ಲ’ ಎಂದು ಬರೆಯಲು ಕಾಲಂ ಇಲ್ಲ. ಸೊಳ್ಳೆಗೆ ಮಡಿ ಮೈಲಿಗೆ ಇಲ್ಲ. ಅದು ದೊಡ್ಡ ಮನೆಯ ಹರವಿಯಲ್ಲಿ ಹುಟ್ಟಿ ಕೇರಿಯ ಕೂಸನ್ನು ಕಚ್ಚುತ್ತದೆ. ಕೇರಿಯ ಬ್ಯಾರಲ್ಲಿನಲ್ಲಿ ಹುಟ್ಟಿ ಧಣಿಯ ಮಗನನ್ನೂ ಕಚ್ಚುತ್ತದೆ. ಅಸ್ಪೃಶ್ಯತೆ ಪಾಪ ಎಂದು ಬಹಳ ಮಂದಿ ಬಹಳ ಸಲ ಹೇಳಿದ್ದಾರೆ. ಅದು ಡೆಂಗಿಯ ದಾರಿಯೂ ಹೌದು ಎಂದು ನಾವು ನಮ್ಮ ಕೆಲಸದಿಂದ ಹೇಳುತ್ತೇವೆ.

ಇನ್ನು ನೆಲದೊಳಗಿನ ನೀರು. ನರಗುಂದದ ಎರಿ ನೆಲದಲ್ಲಿ ಸವುಳು, ಗಜೇಂದ್ರಗಡದ ಗುಡ್ಡದ ಕಡೆ ಫ್ಲೋರೈಡು. ಗದಗ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು ಇರುವ ಸಂಗತಿ ಹೊಸದಲ್ಲ. ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ನಡೆದೀತು ಎಂದು ದೇಶದ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಾದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟಿ ಬರುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಸೀಮೆಯಲ್ಲಿ. ಇಷ್ಟು ವರ್ಷ ಕಳೆದರೂ ಹಲ್ಲು ಕಂದಿದ ಹುಡುಗಿಯನ್ನು ನೋಡಲು ಬಂದ ಬೀಗರು ಹಲ್ಲುಜ್ಜುವುದಿಲ್ಲೇನು ಎಂದು ಕೇಳಿ ಎದ್ದು ಹೋಗುತ್ತಾರೆ. ಹಲ್ಲಿನ ಪದರು ಹಸುಗೂಸಿನ ವಯಸ್ಸಿನಲ್ಲೇ ಒಳಗೆ ಕಟ್ಟಿರುತ್ತದೆ. ಇಪ್ಪತ್ತನೇ ವರ್ಷದಲ್ಲಿ ಉಜ್ಜಿದರೆ ಹೋಗುವ ಕಲೆ ಅದಲ್ಲ. ಅದು ಆಕೆ ಎರಡು ವರ್ಷದವಳಿದ್ದಾಗ ಊರು ಆಕೆಗೆ ಕುಡಿಸಿದ ನೀರಿನ ದಾಖಲೆ.

ಬರ ಬಂದಾಗೆಲ್ಲ ಬೋರು ಇನ್ನೂ ಆಳಕ್ಕೆ ಇಳಿಯುತ್ತದೆ. ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡು ಹೆಚ್ಚು ಕರಗಿರುತ್ತದೆ. 2023ರಲ್ಲಿ ಕರ್ನಾಟಕದ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದರು. ಬರದ ಲೆಕ್ಕದಲ್ಲಿ ಬೆಳೆಹಾನಿ ಬರುತ್ತದೆ. ಬೆಳೆ ಇದ್ದವನಿಗೆ ಪರಿಹಾರ ಬರುತ್ತದೆ. ಆ ವರ್ಷ ಆಳದ ನೀರು ಕುಡಿದ ಕೂಸಿನ ಹಲ್ಲು ಯಾವ ಹಾನಿಯ ಪಟ್ಟಿಯಲ್ಲಿ ಬರುತ್ತದೆ?

ಇಲ್ಲಿ ನರ್ಸಿನ ಮಾತಿಗೆ ಬೆಲೆ ಇದೆ. ‘ನೀರು ಕುದಿಸಿ ಆರಿಸಿ ಕುಡಿಯಿರಿ’ ಎಂದು ಎಲ್ಲ ಗೋಡೆಗಳ ಮೇಲೂ ಬರೆದಿದೆ. ಭೇದಿಗೆ, ಕಾಮಾಲೆಗೆ ಅದು ಸರಿಯಾದ ಮಾತು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಆದರೆ ಫ್ಲೋರೈಡು ಸಾಯುವ ಜೀವ ಅಲ್ಲ, ಅದು ಉಪ್ಪು. ಕುದಿಸಿದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಹೀಗಾಗಿ ಊರಿನ ನೀರು ಯಾವ ಬಗೆಯದು ಎಂದು ತಿಳಿಯದೆ ಒಂದೇ ಘೋಷಣೆಯನ್ನು ಎಲ್ಲ ಗೋಡೆಗೂ ಬಳಿದರೆ ಸಾಲದು. ಒಂದು ಬೋರಿನ ನೀರಿನಂತೆ ಇನ್ನೊಂದು ಬೋರಿನದು ಇರುವುದಿಲ್ಲ. ಕುಡಿಯಲು ಕಡಿಮೆ ಫ್ಲೋರೈಡಿನ ಬೋರು, ಬಳಸಲು ಇನ್ನೊಂದು ಎಂದು ಗುರುತು ಹಚ್ಚಬೇಕು. ಮಳೆನೀರು ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡಿನ ಕಾಟವಿಲ್ಲ. ರೋಗಿಯನ್ನು ಹುಡುಕಲು ದೊಡ್ಡ ಯಂತ್ರವೂ ಬೇಡ. ಮೊಣಕಾಲು ಮಡಚದೆ ಬಗ್ಗಿ ಕಾಲ ಬೆರಳು ಮುಟ್ಟಲು ಹೇಳಬೇಕು. ಗದ್ದವನ್ನು ಎದೆಗೆ ತಾಗಿಸಲು ಹೇಳಬೇಕು. ಎರಡೂ ಕೈ ತಲೆಯ ಹಿಂದೆ ಒಯ್ಯಲು ಹೇಳಬೇಕು. ಆಗದವರ ಹೆಸರು ಬರೆದು ತಪಾಸಣೆಗೆ ಕಳಿಸಬೇಕು. ಹಾಲು, ಸೊಪ್ಪು, ರಾಗಿ, ನಿಂಬೆಹಣ್ಣು, ನೆಲ್ಲಿಕಾಯಿ ತಿಂದರೆ ಮೈಗೆ ಒಂದಿಷ್ಟು ಆಸರೆ. ಆದರೆ ಹಾಲು ತಿನ್ನಿರಿ ಎಂದು ಹೇಳುವ ಮೊದಲು ಯಾರ ಮನೆಯಲ್ಲಿ ಎಮ್ಮೆ ಐತಿ ಅನ್ನೂದನ್ನೂ ನೋಡಬೇಕಲ್ಲ!

ಶುದ್ಧ ನೀರಿನ ಘಟಕಗಳು ಬಂದಿವೆ, ನಿಜ. ನಮ್ಮ ಜಿಲ್ಲೆಯಲ್ಲಿ ನಾಣ್ಯ ಹಾಕಿ ಕೊಡ ತುಂಬುವ ಘಟಕ ಬಹಳ ಊರುಗಳಲ್ಲಿವೆ. ನಡೆಯುವ ಕಡೆ ಉಪಕಾರವಾಗಿದೆ. ಕೆಟ್ಟರೆ ರಿಪೇರಿಗೆ ತಿಂಗಳು. ಆ ತಿಂಗಳು ಬೈಕು ಇದ್ದವರು ಪಕ್ಕದೂರಿನಿಂದ ಕ್ಯಾನು ತರುತ್ತಾರೆ. ಬೈಕು ಇಲ್ಲದ ಓಣಿ ಬೋರಿನ ನೀರಿಗೇ ತಿರುಗುತ್ತದೆ. ಆ ಓಣಿ ಯಾವುದೆಂದು ಹೇಳಬೇಕೇನು?

ಬಿಸಿಲಿನ ಮಾತಿಗೆ ಬರೋಣ. ನಾವು ಹೊರುವ ಲಸಿಕೆಯ ಪೆಟ್ಟಿಗೆಯೊಳಗೆ ಮಂಜಿನ ಗಡ್ಡೆ ಇರುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯಬೇಕು. ಪೋಲಿಯೋ ಹನಿಯ ಬಾಟಲಿಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಾಟಲಿ ಶಾಖ ಉಂಡಷ್ಟೂ ಆ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾದರೆ ಆ ಬಾಟಲಿ ಬಳಸಬಾರದು. ಬಹಳ ಒಳ್ಳೆಯ ಏರ್ಪಾಡು. ಆ ಪೆಟ್ಟಿಗೆ ಹೊತ್ತು ಹೊಲದ ಬದುವಿನ ಮೇಲೆ ಹೋಗುವಾಗ ಹತ್ತಿಕಟಗಿ ಕೀಳುವ ಹೆಂಗಸರು ಕಾಣುತ್ತಾರೆ. ಅವರಲ್ಲಿ ಏಳು ತಿಂಗಳ ಬಸುರಿ ಇರುತ್ತಾಳೆ. ಆ ಮೈ ಎಷ್ಟು ಶಾಖ ಉಂಡಿತು ಎಂದು ತೋರಿಸುವ ಚೌಕ ಇಲ್ಲ. ಸರಕಾರ ಬಾಟಲಿಗೆ ಕೊಟ್ಟ ಕಾಳಜಿಯನ್ನು ಈ ಹೆಣ್ಣಿಗೂ ಕೊಡಲಿ ಎಂದರೆ ದೊಡ್ಡ ಬೇಡಿಕೆಯೇ?

ಬಿಸಿಲು ಹೆಚ್ಚಾದಾಗ ದಿನ ತುಂಬುವ ಮೊದಲೇ ಹೆರಿಗೆ ಆಗುವುದು, ಕೂಸು ತೂಕ ಕಡಿಮೆ ಹುಟ್ಟುವುದು ಹೆಚ್ಚಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ನಮಗೆ ಕಾಣುವ ಇನ್ನೊಂದು ಸಂಗತಿ ಉಂಟು. ಹೊಲದಲ್ಲಿ ಮರೆ ಇಲ್ಲ, ಅದಕ್ಕೆ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕು. ಎದ್ದು ಹೋದರೆ ಧಣಿ ನೋಡುತ್ತಾನೆ. ಸಂಜೆಗೆ ಉರಿಮೂತ್ರ, ತಲೆನೋವು, ಕಣ್ಣುಕತ್ತಲೆ. ನಮ್ಮ ಹತ್ತಿರ ಬಂದು ಗುಳಿಗಿ ಕೇಳುತ್ತಾರೆ. ಗುಳಿಗಿ ಕೊಡುತ್ತೇವೆ. ಮರುದಿನ ಅದೇ ಹೊಲ, ಅದೇ ಬಿಸಿಲು.

ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ ಎಂದಿನ ಲೆಕ್ಕಕ್ಕಿಂತ 1,344 ಮಂದಿ ಹೆಚ್ಚು ಸತ್ತರು ಎಂದು ಆಮೇಲೆ ಸಂಶೋಧಕರು ಲೆಕ್ಕ ಹಾಕಿ ತೆಗೆದರು. ಸಾಯುವಾಗ ಇವರೆಲ್ಲ ಬಿಸಿಲಿನಿಂದ ಸತ್ತರು ಎಂದು ಯಾರೂ ಬರೆದಿರಲಿಲ್ಲ. ಅದಾದ ಮೇಲೆ 2013ರಲ್ಲಿ ಆ ನಗರ ಬಿಸಿಲಿಗೆ ಒಂದು ಯೋಜನೆ ಮಾಡಿತು: ಮುಂಚೆಯೇ ಎಚ್ಚರಿಕೆ, ನೀರಿನ ಏರ್ಪಾಡು, ದವಾಖಾನೆಯವರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ. ಲೆಕ್ಕ ಬಂದ ಮೇಲೆ ಕೆಲಸ ಬಂತು. ನಮ್ಮ ಹಳ್ಳಿಗಳಲ್ಲಿ ಬಿಸಿಲಿಗೆ ಸತ್ತವರನ್ನು ‘ಎದೆ ಹಿಡೀತು’, ‘ವಯಸ್ಸಾಗಿತ್ತು’ ಎಂದು ಮಣ್ಣು ಮಾಡುತ್ತೇವೆ. ಬಿಸಿಲಿನ ಹೊಡೆತಕ್ಕೆ ಈಗ ನಮೂನೆ ಬಂದಿದೆ, ನಿಜ. ಆದರೆ ಅದು ದವಾಖಾನೆಗೆ ಬಂದವರ ಲೆಕ್ಕ. ಹೊಲದಲ್ಲಿ ಬಿದ್ದು, ಬೇವಿನ ನೆರಳಿನಲ್ಲಿ ಎದ್ದು, ಕೂಲಿ ಮುರಿದೀತೆಂದು ಮತ್ತೆ ಸಾಲು ಹಿಡಿದವಳು ಆ ನಮೂನೆಯಲ್ಲಿ ಇಲ್ಲ.

2005ರ ಉದ್ಯೋಗ ಖಾತ್ರಿ ಕಾಯಿದೆ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಬೇಕೆಂದು ಬರೆದಿತ್ತು. ಕೆರೆಯ ಹೂಳು ಎತ್ತುವ ಕಡೆ ನೆರಳು ಎಂದರೆ ಟ್ರ್ಯಾಕ್ಟರಿನ ನೆರಳಾಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಜಾಗಕ್ಕೆ ಬೇರೊಂದನ್ನು ತಂದಿತು. ಕಾಯಿದೆಯ ಹೆಸರು ಏನಾದರೂ ಇರಲಿ, ನೆರಳು ಕಾಗದದಿಂದ ಕೆಳಗೆ ಇಳಿದು ನೆಲದ ಮೇಲೆ ಬೀಳಬೇಕು.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಹೊಗೆ ಇಲ್ಲದ ಕರೆಂಟು ಅದು, ಜಗತ್ತಿನ ಬಿಸಿ ಇಳಿಸುವ ಕರೆಂಟು. ನಾವು ಅದಕ್ಕೆ ವಿರೋಧಿಗಳಲ್ಲ. ಆದರೆ ಗುಡ್ಡದ ಬುಡದ ಹಳ್ಳಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ, ಬಾಣಂತಿಗೆ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತ ಕೂತಾಗ ತಲೆಯೆತ್ತಿ ನೋಡಿದರೆ ಆ ರೆಕ್ಕೆಗಳು ತಿರುಗುತ್ತಲೇ ಇರುತ್ತವೆ. ಯಾರ ಮನೆ ತಂಪಾಗಲಿಕ್ಕೆ ಎಂಬ ಪ್ರಶ್ನೆ ಆಗ ತಾನಾಗೇ ಬರುತ್ತದೆ.

ಬರ ಒಂದು ಕಡೆ, ನೆರೆ ಒಂದು ಕಡೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದು 1970ರ ದಶಕದಲ್ಲಿ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಎದ್ದದ್ದು, ಗೋಲಿಬಾರು ಆದದ್ದು ನಾಡಿಗೆಲ್ಲ ಗೊತ್ತು. ನೀರು ಕೊಡದೆ ಅಭಿವೃದ್ಧಿ ಕರ ಕೇಳಿದ ಸರಕಾರದ ಮೇಲಿನ ಸಿಟ್ಟು ಅದು. 2015ರಿಂದ ಮಹಾದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ಧರಣಿ ಕೂತರು. ಆ ಹೋರಾಟಗಳಿಗೆ ನಮ್ಮ ನಮಸ್ಕಾರ. ಕೇರಿಯವರೂ ಆ ಮೆರವಣಿಗೆಗಳಲ್ಲಿ ನಡೆದಿದ್ದಾರೆ. ಆದರೆ ಕಾಲುವೆಯ ನೀರು ಹೊಲ ಇದ್ದವನಿಗೆ ಬರುತ್ತದೆ. ಹೊಲ ಇಲ್ಲದವನಿಗೆ ಬರುವುದು ಹೊಳೆಯ ನೀರು ಮಾತ್ರ, ಅದೂ ಮನೆಯೊಳಗೆ. 2009ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಬಂತು. ಮಲಪ್ರಭೆ, ಬೆಣ್ಣಿಹಳ್ಳ ಎರಡೂ ತುಂಬಿ ಬಂದಾಗ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಯಂಥ ಊರುಗಳ ಸುತ್ತ ನೀರೋ ನೀರು. ಕುಡಿಯಲು ಮಾತ್ರ ಹನಿ ಇಲ್ಲ.

ನೆರೆಯಲ್ಲಿ ನರ್ಸಿನ ಕೆಲಸ ದೋಣಿ ಬರುವ ಮೊದಲು ಶುರುವಾಗುತ್ತದೆ, ಟಿ.ವಿ.ಯವರು ಹೋದ ಮೇಲೂ ಮುಗಿಯುವುದಿಲ್ಲ. ದಿನ ತುಂಬಿದ ಬಸುರಿಯರ ಪಟ್ಟಿ ನಮ್ಮ ಹತ್ತಿರವೇ ಇರುತ್ತದೆ. ಯಾರನ್ನು ಮೊದಲು ದಾಟಿಸಬೇಕು ಎಂದು ನಮಗೇ ಗೊತ್ತು. ಸಕ್ಕರೆಕಾಯಿಲೆಯವನ ಇನ್ಸುಲಿನ್, ಕ್ಷಯದವನ ಗುಳಿಗೆ ನೀರಿನಲ್ಲಿ ಹೋಗಿರುತ್ತವೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ತಾಸಾದರೂ ಕಾಯದೆ ಯಾರೂ ಸೇದಬಾರದೆಂದು ಕಾವಲು ನಿಲ್ಲಬೇಕು. ಭೇದಿ ಶುರುವಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಇದು ಸಣ್ಣ ಔಷಧವಲ್ಲ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಇಂಥದೇ ಉಪ್ಪು-ಸಕ್ಕರೆಯ ನೀರನ್ನು ಡ್ರಮ್ಮಿನಲ್ಲಿ ಕಲಸಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ದೊಡ್ಡ ಕಟ್ಟಡದಿಂದ ಆಗದ್ದು ಅವ್ವಂದಿರ ಕೈಯಿಂದ ಆಯಿತು.

ಗಂಜಿ ಕೇಂದ್ರದಲ್ಲಿ ನಾವು ಕಂಡ ಇನ್ನೊಂದು ಸಂಗತಿ ಹೇಳಲೇಬೇಕು. ನೆರೆ ಎಲ್ಲರ ಮನೆ ಕೆಡವಿದರೂ ಓಣಿಗಳನ್ನು ಕೆಡವಲಿಲ್ಲ. ಸಾಲೆಯ ಖೋಲಿಗಳಲ್ಲಿ ಮಂದಿ ಮತ್ತೆ ಓಣಿ ಓಣಿಯಾಗಿ ಕೂತರು. ಕೇರಿಯವರಿಗೆ ಸಿಕ್ಕದ್ದು ಪಡಸಾಲಿ. ಮಳೆಯ ಸಿಡಿಲು ಬಡಿಯುವ ಆ ಪಡಸಾಲಿಯಲ್ಲೇ ಬಾಣಂತಿ ಇದ್ದಳು. ನಾವು ಎದ್ದು ನಿಂತು ಕೇಳಿದೆವು. “ರೂಲಿನ ಪ್ರಕಾರ ಬಾಣಂತಿಗೆ ಒಳಗ ಜಾಗಾ ಬೇಕ್ರಿ” ಅಂದೆವು. ಅಂಥ ರೂಲಿನ ಕಾಗದವನ್ನು ಯಾರೂ ಕೇಳಲಿಲ್ಲ. ಬಿಳಿ ಕೋಟಿಗೆ ಹೆದರಿ ಜಾಗ ಬಿಟ್ಟರು. ಮನುಷ್ಯತ್ವಕ್ಕೆ ಬಿಡದ ಜಾಗವನ್ನು ಕೋಟಿಗೆ ಬಿಟ್ಟರು. ನಮ್ಮ ಕೆಲಸದ ಬಲ ಎಲ್ಲಿದೆ ಎಂದು ಅವತ್ತು ತಿಳಿಯಿತು.

ನರ್ಸು ಎಂದರೆ ಸೂಜಿ, ಗುಳಿಗಿ, ಬೆಡ್‌ಪ್ಯಾನು ಎಂದು ತಿಳಿದವರಿಗೆ ಒಂದು ಮಾತು. ನಮ್ಮ ವೃತ್ತಿಯ ತಾಯಿ ಎಂದು ಕಲಿಸುವ ಫ್ಲಾರೆನ್ಸ್ ನೈಟಿಂಗೇಲ್ ಬರೀ ದೀಪ ಹಿಡಿದವಳಲ್ಲ, ಲೆಕ್ಕ ಹಿಡಿದವಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸತ್ತರು ಎಂದು ಅಂಕಿ ಹಾಕಿ, ಚಿತ್ರ ಬರೆದು ದೊರೆಗಳ ಮುಂದೆ ಇಟ್ಟಳು. 1859ರಲ್ಲಿ ಬರೆದ ಪುಸ್ತಕದಲ್ಲಿ ಆಕೆ ಆರೋಗ್ಯದ ಮನೆಗೆ ಬೇಕೆಂದು ಎಣಿಸಿದ್ದು ಒಳ್ಳೆಯ ಗಾಳಿ, ಒಳ್ಳೆಯ ನೀರು, ಗಟಾರ, ಸ್ವಚ್ಛತೆ, ಬೆಳಕು. ಔಷಧದ ಹೆಸರು ಆ ಐದರಲ್ಲಿ ಇಲ್ಲ.

ಆದರೆ ನಮ್ಮ ನೆಲದಲ್ಲಿ ಲೆಕ್ಕ ಒಂದೇ ಸಾಲದು. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತೆ ಊರ ಹೊರಗೆ ರೋಗಿಗಳ ಆರೈಕೆಗೆ ನಿಂತರು. ಮುಂಢವಾದ ಮಹಾರರ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಆ ಪ್ಲೇಗೇ ಅವರಿಗೂ ತಗಲಿ ಮಾರ್ಚ್ 10ರಂದು ತೀರಿಕೊಂಡರು. ಅವರ ಹತ್ತಿರ ನರ್ಸಿಂಗ್ ಸರ್ಟಿಫಿಕೇಟು ಇರಲಿಲ್ಲ. ಯಾರನ್ನು ಮುಟ್ಟಬಾರದೆಂದು ಊರು ಹೇಳಿತ್ತೋ ಆ ಹುಡುಗನನ್ನೇ ಹೊತ್ತರು. ಲೆಕ್ಕ ಬರೆಯುವುದನ್ನು ನೈಟಿಂಗೇಲಳಿಂದ ಕಲಿಯೋಣ. ಯಾರ ಲೆಕ್ಕವನ್ನು ಮೊದಲು ಬರೆಯಬೇಕು ಎಂಬುದನ್ನು ಸಾವಿತ್ರಿಬಾಯಿಯಿಂದ ಕಲಿಯಬೇಕು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದಾಗ ಕೇಳಿದ್ದು ನೀರಿನ ಹಕ್ಕು. ಆ ಹಕ್ಕು ಇನ್ನೂ ನಮ್ಮ ನಳದವರೆಗೆ ಬಂದು ಮುಟ್ಟಿಲ್ಲ.

ನಾವು ಈಗ ಏನು ಮಾಡುತ್ತಿದ್ದೇವೆ ಎಂದು ಕೇಳಿರಿ. ಸರಕಾರಿ ರಜಿಸ್ಟರಿನ ಜೊತೆ ನಮ್ಮದೇ ಇನ್ನೊಂದು ವಹಿ ಇಟ್ಟಿದ್ದೇವೆ. ಇಪ್ಪತ್ತು ರೂಪಾಯಿಯ ನೂರು ಪುಟದ ವಹಿ. ಅದರಲ್ಲಿ ಓಣಿವಾರು ಬರೆಯುತ್ತೇವೆ: ನಳ ಬಂದ ದಿನ, ಜ್ವರ ಬಂದ ಮನೆ, ಬಿಸಿಲಿಗೆ ಬಿದ್ದವರು, ಯಾವ ಬೋರಿನ ನೀರು ಕುಡಿಯುತ್ತಾರೆ. ನಳದ ದಿನಗಳು ದೂರವಾದ ತಿಂಗಳು ಜ್ವರದ ಮನೆಗಳು ಹೆಚ್ಚಾಗುವುದು ಆ ವಹಿಯಲ್ಲಿ ಓದು ಬಾರದವರಿಗೂ ಕಾಣುತ್ತದೆ. ನಾವು ಟಿಕ್ಕು ಹಾಕಿ ತೋರಿಸುತ್ತೇವೆ.

ಇದಕ್ಕೆ ಜಾಗವೂ ಇದೆ. ಊರೂರಿಗೆ ಗ್ರಾಮ 
ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಎಂದು ಒಂದುಂಟು. ಆಶಾ ಅಕ್ಕನೂ ನಾವೂ ಅದರಲ್ಲಿ ಇದ್ದೇವೆ. ಕಾಗದದ ಮೇಲೆ ಸಭೆ ನಡೆದು ಸಹಿ ಬೀಳುವ ಊರುಗಳೇ ಬಹಳ. ಆ ಸಭೆಯನ್ನು ಕೇರಿಯ ಕಟ್ಟೆಯ ಮೇಲೆ ಕರೆಯಬೇಕು. 2019ರಲ್ಲಿ ಬಂದ ಜಲಜೀವನ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಹೇಳಿತು. ಊರಿಗೆ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷಿಸುವ ಪೆಟ್ಟಿಗೆ ಕೊಟ್ಟು ಕಲಿಸಬೇಕು ಎಂದೂ ಹೇಳಿತು. ಆ ಐವರಲ್ಲಿ ಕೇರಿಯ ಹೆಣ್ಣುಮಗಳು ಎಲ್ಲಿ? ಪರೀಕ್ಷೆಯ ವರದಿ ಎಲ್ಲಿ? ಗ್ರಾಮಸಭೆಯಲ್ಲಿ ಓದಿ ಹೇಳಲಿ. ಬೋರಿನ ಮೈಮೇಲೆ ಬಣ್ಣದಲ್ಲಿ ಬರೆಯಲಿ.

ನಮ್ಮ ಬೇಡಿಕೆ ದೊಡ್ಡವೇನಲ್ಲ. ರಜಿಸ್ಟರಿನಲ್ಲಿ ಜಾತಿಯ ಕಾಲಂ ಪಕ್ಕದಲ್ಲಿ ನೀರಿನ ಕಾಲಂ ಇರಲಿ. ಸೊಳ್ಳೆಗೆ ರೆಕ್ಕೆ ಬರುವ ಮೊದಲು ನಳಕ್ಕೆ ನೀರು ಬರಲಿ, ತುದಿಯ ಓಣಿಗೆ ಮೊದಲು ಬರಲಿ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೆರಡರಿಂದ ಮೂರರವರೆಗೆ ಕೂಲಿ ಮುರಿಯದೆ ಕೆಲಸ ನಿಲ್ಲಲಿ. ನೆರೆಯ ಗಂಜಿ ಕೇಂದ್ರದಲ್ಲಿ ಬಾಣಂತಿಗೂ ಮುದುಕರಿಗೂ ಮೊದಲ ಖೋಲಿ ಎಂದು ಬರೆದ ರೂಲು ಬರಲಿ. ಹರವಿಯ ಮುಚ್ಚಳ ತೆಗೆಯಲು ಬಂದ ನರ್ಸನ್ನು ಜಾತಿ ನೋಡಿ ತಡೆದರೆ ಅದು ಕಾಯಿದೆಯಲ್ಲಿ ಅಪರಾಧ ಎಂದು ಊರಿಗೆ ಡಂಗುರ ಹೊಡೆಸಲಿ.

ಇದನ್ನು ನಾವು ಒಬ್ಬೊಬ್ಬರೇ ಕೇಳಿದರೆ ವರ್ಗಾವಣೆಯ ಕಾಗದ ಬರುತ್ತದೆ. ಗುತ್ತಿಗೆಯ ಮೇಲಿರುವ ತಂಗಿಯರಿಗೆ ಅದೂ ಬರುವುದಿಲ್ಲ, ನಾಳೆಯಿಂದ ಬರಬೇಡ ಎಂಬ ಫೋನು ಬರುತ್ತದೆ. 2025ರ ಜನವರಿಯಲ್ಲಿ ಆಶಾ ಅಕ್ಕಂದಿರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂತರು. ಕೂತದ್ದಕ್ಕೆ ಸರಕಾರ ಮಾತಾಡಿತು. ಆದ್ದರಿಂದ ಗೆಳೆಯರೇ, ಸಂಘಟನೆಯವರೇ, ನೀವು ಊರಿಗೆ ಬಂದಾಗ ಭಾಷಣ ಮುಗಿದ ಮೇಲೆ ಉಪಕೇಂದ್ರದ ಬಾಗಿಲಿಗೂ ಒಮ್ಮೆ ಬರ್ರಿ. ನಮ್ಮ ವಹಿ ತೆಗೆದು ತೋರಿಸುತ್ತೇವೆ. ನಾವು ಬರೆದದ್ದನ್ನು ನೀವು ಗ್ರಾಮಸಭೆಯಲ್ಲಿ ಓದಿರಿ, ತಹಶೀಲ್ದಾರರ ಕಚೇರಿಯ ಮುಂದೆ ಓದಿರಿ. ಮುದುಕಿ ಕೇಳಿದ ಚೀಟಿಯನ್ನು ಬರೆದುಕೊಡುವವರೆಗೆ ಓದಿರಿ.

ಮಾರ್ಚ್ ಬರುವುದಕ್ಕೆ ಬಹಳ ದಿನ ಇಲ್ಲ.